ಅಣ್ಣ ಕೇಳಿದ ಮೇ ತಿಂಗಳು

ಒಮಾನಿನ ಸೂರ್ ಪಟ್ಟಣದ ಆಚೆ ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ಗ್ಯಾಸ್ ಪ್ಲಾಂಟಿನಲ್ಲಿ ನಾನು ಪ್ಲಾನಿಂಗ್ ಸೆಕ್ಷನ್ನಿನವನು. ಯಾವ ಯಂತ್ರವನ್ನು ಯಾವಾಗ ಬಿಚ್ಚಬೇಕು, ಯಾರು ಬಿಚ್ಚಬೇಕು ಎಂದು ಬರೆದಿಡುವುದು ನನ್ನ ಕೆಲಸ. ಅದರ ಬಾಲವಾಗಿ ಮೇಂಟೆನೆನ್ಸ್ ವಿಭಾಗದ ರಜೆಪಟ್ಟಿಯೂ ನನ್ನ ಕೊರಳಿಗೆ ಬಿದ್ದಿದೆ. ಜನವರಿ ಬಂತೆಂದರೆ ಎಲ್ಲರಿಗೂ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ. ಒಬ್ಬ ಖರ್ಜೂರದ ಡಬ್ಬಿ ತರುತ್ತಾನೆ, ಇನ್ನೊಬ್ಬ ಮಕ್ಕಳ ಆರೋಗ್ಯ ವಿಚಾರಿಸುತ್ತಾನೆ. ಈ ವರ್ಷ ಫೆಬ್ರುವರಿಯಲ್ಲಿ ತೀರಿಕೊಂಡ ಅಣ್ಣ ಮಾತ್ರ ಹದಿನಾಲ್ಕು ವರ್ಷಗಳಲ್ಲಿ ನನಗೆ ಒಂದು ಖರ್ಜೂರವನ್ನೂ ತಂದುಕೊಟ್ಟವರಲ್ಲ. ಅವರು ಕೇಳಿದ್ದು ಒಂದೇ: ಮೇ ತಿಂಗಳ ಕೊನೆಯ ಎರಡು ವಾರ, ಜೂನಿನ ಮೊದಲ ವಾರ. ಅದನ್ನು ನಾನು ಅವರಿಗೆ ಕೊಡಲಿಲ್ಲ.

ಅಣ್ಣ ಎನ್ನುವುದು ಅವರ ಹೆಸರಲ್ಲ. ಮಲ್ಪೆ ಕಡೆಯ ಮೊಗವೀರರು. ಸೂರಿನಲ್ಲಿದ್ದ ನಮ್ಮ ಕರಾವಳಿಯವರೆಲ್ಲ ಅವರನ್ನು 'ಅಣ್ಣೆರ್' ಎಂದು ಕರೆಯುತ್ತಿದ್ದರು. ಮೈಸೂರಿನವನಾದ ನನ್ನ ಬಾಯಲ್ಲಿ ಅದು ಅಣ್ಣ ಆಯಿತು. ಅವರು ಮಾತ್ರ ನನಗಿಂತ ಹನ್ನೆರಡು ವರ್ಷ ದೊಡ್ಡವರಾಗಿಯೂ ನನ್ನನ್ನು 'ಸರ್' ಎನ್ನುವುದನ್ನು ಕೊನೆಯವರೆಗೂ ಬಿಡಲಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಪ್ಲಾಂಟಿನಲ್ಲಲ್ಲ, ಸಮುದ್ರದ ದಂಡೆಯಲ್ಲಿ. ಸೂರಿಗೆ ಬಂದು ಎರಡನೆಯ ಶುಕ್ರವಾರ. ಬೆಳಿಗ್ಗೆ ಹೆಂಡತಿಯ ಜೊತೆ ನಡೆಯಲು ಹೋಗಿದ್ದೆ. ಮೊಣಕಾಲುದ್ದ ನೀರಿನಲ್ಲಿ ಒಬ್ಬ ಬಡಕಲು ಮನುಷ್ಯ ಉದ್ದನೆಯ ಕೋಲು ಹಿಡಿದು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ಹಸಿರು ದಾರವೊಂದು ಗಾಳಿಯಲ್ಲಿ ಹಿಂದೆ ಚಾಚಿಕೊಳ್ಳುವುದು, ಮುಂದೆ ಚಾಚಿಕೊಳ್ಳುವುದು. ನೀರಿಗಂತೂ ಬೀಳುತ್ತಲೇ ಇರಲಿಲ್ಲ. "ಪಾಪ, ತಲೆ ಕೆಟ್ಟಿರಬೇಕು," ಎಂದಳು ನನ್ನ ಹೆಂಡತಿ. ಅಷ್ಟರಲ್ಲಿ ದಾರ ಅವರ ಟೋಪಿಗೇ ಸಿಕ್ಕಿಕೊಂಡಿತು. ಅವರು ತುಳುವಿನಲ್ಲಿ ಒಂದು ಮಾತು ಅಂದರು. ಅರ್ಥ ಗೊತ್ತಿಲ್ಲದಿದ್ದರೂ ಅದು ಬೈಗುಳ ಎಂದು ತಿಳಿಯಿತು, ಊರಿನವರು ಎಂದೂ ತಿಳಿಯಿತು.

"ಏನ್ ಹಿಡೀತಿದೀರಾ?" ಎಂದು ಕೂಗಿ ಕೇಳಿದೆ.

"ಸದ್ಯಕ್ಕೆ ಟೊಪ್ಪಿ ಹಿಡ್ದದ್ದು," ಎಂದು ನಕ್ಕರು. "ನೀವು ಎಲ್ಲಿಯವ್ರು? ಘಟ್ಟದ ಮೇಲಿನವ್ರಾ?"

ಈ ವಿದ್ಯೆಯನ್ನು ಅವರಿಗೆ ಕಲಿಸಿದವನು ಸ್ಕಾಟ್ಲೆಂಡಿನ ಒಬ್ಬ ಇಂಜಿನಿಯರ್. ಪ್ಲಾಂಟ್ ಶುರುವಾದ ಕಾಲದಲ್ಲಿ ಅಣ್ಣನ ಮೇಲಧಿಕಾರಿಯಾಗಿದ್ದವನು. ನಾವು ಊರಿನಲ್ಲಿ ಗಾಳಕ್ಕೆ ಎರೆಹುಳ ಚುಚ್ಚುತ್ತೇವಲ್ಲ, ಇದು ಹಾಗಲ್ಲ. ಗರಿ, ಕೂದಲು, ನೂಲು ಸುತ್ತಿ ಗಾಳವನ್ನೇ ಒಂದು ಹುಳದ ಹಾಗೆ ಮಾಡಬೇಕು. ಅದಕ್ಕೆ ತೂಕವಿರುವುದಿಲ್ಲವಾದ್ದರಿಂದ ದಾರದ ತೂಕದಿಂದಲೇ ಬೀಸಿ, ಹಾರುವ ಹುಳ ಬಂದು ಕೂತಂತೆ ನೀರಿನ ಮೇಲೆ ಇಳಿಸಬೇಕು. ಸ್ಕಾಟ್ಲೆಂಡಿನವನು ಇದನ್ನು ಸೂರಿನ ಸಮುದ್ರದಲ್ಲಿ ಆಡುತ್ತಿದ್ದದ್ದು ಬೇರೆ ಗತಿಯಿಲ್ಲದೆ. ಅವನ ಜೀವವೆಲ್ಲ ಅವನ ಊರಿನ ಹೊಳೆಯಲ್ಲಿ, ಅದರ ಟ್ರೌಟ್ ಎಂಬ ಮೀನಿನಲ್ಲಿ. ನಿವೃತ್ತನಾಗಿ ಹೊರಟಾಗ ತನ್ನ ಕೋಲನ್ನು ಅಣ್ಣನಿಗೇ ಕೊಟ್ಟು, "ಬೇಸಿಗೆ ಶುರುವಾಗುವಾಗ ಬಾ. ಮನೆಯ ಹಿಂದೆಯೇ ಹೊಳೆ. ಮೂರು ವಾರ ನೀರಿನಿಂದ ಹುಳ ಏಳುತ್ತದೆ, ಅದನ್ನು ತಿನ್ನಲು ಮೀನು ಮೇಲೆ ಬರುತ್ತದೆ, ನಿನಗೆ ತೋರಿಸುತ್ತೇನೆ," ಎಂದು ಹೇಳಿ ಹೋದ. ಹೋದವನು ಮರೆಯಲಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಹೊಳೆಯ ವಿಡಿಯೊ ಕಳಿಸುತ್ತಿದ್ದ. ಅಣ್ಣ ಅದನ್ನು ಕ್ಯಾಂಟೀನಿನಲ್ಲಿ ನನಗೆ ತೋರಿಸುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಬರಿ ಕಂದು ನೀರು, ಆಚೆ ದಡದಲ್ಲಿ ನಾಲ್ಕು ಕುರಿ.

"ಈಗ ನೋಡಿ, ಈಗ ನೋಡಿ," ಎನ್ನುವರು. ನೀರಿನ ಮೇಲೊಂದು ಸಣ್ಣ ಉಂಗುರ ಏಳುವುದು. "ಕಂಡಿತಾ? ಅದೇ ಮೀನು ಬಾಯಿ ಹಾಕಿದ್ದು."

"ಅಣ್ಣಾ, ಮೀನೇ ಕಾಣಲ್ಲ."

"ಕಾಣುದಿಲ್ಲ ಸರ್. ಕಂಡ್ರೆ ಎಂತ ಮಜಾ ಉಂಟು?"

ಅವರ ಮನೆಯ ಊಟದ ಮೇಜಿನ ಅರ್ಧ ಭಾಗ ಈ ಹುಳ ಕಟ್ಟುವ ಕಾರ್ಖಾನೆಗೆ ಮೀಸಲು. ಅತ್ತಿಗೆ ಉಳಿದ ಅರ್ಧದಲ್ಲಿ ಬಡಿಸುತ್ತಿದ್ದರು. ಸೂರಿನ ಪೇಟೆಯಲ್ಲಿ ಒಬ್ಬ ಬಂಗಾಳಿ ಕೋಳಿ ಅಂಗಡಿಯವನಿದ್ದ. ಕೋಳಿ ಬೇಡ, ಹುಂಜದ ಕುತ್ತಿಗೆಯ ಗರಿ ಮಾತ್ರ ಬೇಕು ಎನ್ನುವ ಗಿರಾಕಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಊರಿನ ಕೋಳಿ ಅಂಕ ನೋಡಿ ಬೆಳೆದ ಅಣ್ಣ ಆ ಗರಿಗಳನ್ನು ಕೆಮ್ಮೈರ, ಬೊಳ್ಳೆ ಎಂದು ಜಗಳದ ಹುಂಜಗಳ ಬಣ್ಣದ ಹೆಸರಿನಲ್ಲೇ ವಿಂಗಡಿಸಿ ಡಬ್ಬಿಯಲ್ಲಿ ಇಡುತ್ತಿದ್ದರು. ಮೈಗೆ ಆಡಿನ ಕೂದಲು. ಹೊಳಪಿಗೆ ಅತ್ತಿಗೆಯ ಹಳೆಯ ಸೀರೆಯ ಜರಿ. ಸಮುದ್ರದ ಮೀನಿಗೆ ಬೆರಳುದ್ದದ ಹುಳ ಸಾಕು, ಅದನ್ನು ಅವರು ಟಿವಿ ನೋಡುತ್ತಾ ಕಟ್ಟುತ್ತಿದ್ದರು. ಟ್ರೌಟಿಗೆಂದು ಕಟ್ಟುವಾಗ ಮಾತ್ರ ಟಿವಿ ಬಂದ್. ಅಕ್ಕಿಕಾಳಿನಷ್ಟು ಗಾಳ, ಅದಕ್ಕೆ ಎರಡು ರೆಕ್ಕೆ, ಮೂರು ಬಾಲ. ಯಾವತ್ತೂ ಉಪಯೋಗಿಸದ ಅಂಥ ಹುಳಗಳು ಅವರ ಬಳಿ ನೂರಾರು ಇದ್ದವು.

ಅತ್ತಿಗೆಗೆ ಇದೆಲ್ಲ ಒಗ್ಗಿಹೋಗಿತ್ತು, ಒಂದನ್ನು ಬಿಟ್ಟು. ಅಣ್ಣ ಹಿಡಿದ ಮೀನನ್ನು ಮನೆಗೆ ತರುತ್ತಿರಲಿಲ್ಲ. ನೀರಿನೊಳಗೇ ಗಾಳ ಬಿಡಿಸಿ, ಒಂದು ಕ್ಷಣ ಕೈಯಲ್ಲಿ ಹಿಡಿದು ಬಿಟ್ಟುಬಿಡುತ್ತಿದ್ದರು.

"ನೋಡಿ ನಿಮ್ಮ ಅಣ್ಣನ ಕತೆ," ಎಂದು ಅತ್ತಿಗೆ ನನ್ನ ಹತ್ತಿರ ದೂರು ಹೇಳುತ್ತಿದ್ದರು. "ಅಜ್ಜ ಮೀನು ಹಿಡಿದದ್ದು, ಅಪ್ಪ ಮೀನು ಹಿಡಿದದ್ದು. ಇವ್ರು ಶುಕ್ರವಾರ ಇಡೀ ಬಿಸಿಲಿಗೆ ಒಣಗಿ, ಹಿಡಿದದ್ದನ್ನು ಬಿಟ್ಟು ಬರುದು. ಮತ್ತೆ ನಾನು ಮಾರ್ಕೆಟಿಗೆ ಹೋಗಿ ಬಂಗುಡೆ ತರ್ಬೇಕು. ಊರಲ್ಲಿ ಹೇಳಿದ್ರೆ ನಗಾಡ್ತಾರೆ ಅಂತ ನಾನು ಅತ್ತೆಗೂ ಹೇಳ್ಲಿಲ್ಲ."

"ಬಲೆಗೆ ಬಿದ್ದ ಮೀನಿನ ಮುಖ ಯಾರು ನೋಡ್ತಾರೆ?" ಎಂದರು ಅಣ್ಣ, ನನಗೋ ಅವರಿಗೋ. "ಬುಟ್ಟಿಗೆ ಸುರಿಯುದು, ಮಂಜುಗಡ್ಡೆ ಹಾಕುದು. ಅಪ್ಪ ಲಕ್ಷಗಟ್ಟಲೆ ಮೀನು ಹಿಡಿದಿರ್ಬಹುದು. ಒಂದನ್ನಾದ್ರೂ ನೋಡಿದ್ರಾ ಅಂತ ನಂಗೆ ಡೌಟು."

ದಂಡೆಯಲ್ಲಿ ಬಲೆ ಹೊಲಿಯುತ್ತಾ ಕೂರುತ್ತಿದ್ದ ಒಮಾನಿ ಮುದುಕನೊಬ್ಬ ಇವರನ್ನು ವರ್ಷಗಟ್ಟಲೆ ನೋಡಿ, ಕೊನೆಗೆ ತಡೆಯಲಾರದೆ ಕೇಳಿದ್ದನಂತೆ: ತಿನ್ನುವುದಿಲ್ಲ ಎಂದಮೇಲೆ ಆ ಜೀವವನ್ನು ಯಾಕೆ ಪೀಡಿಸುತ್ತೀಯಾ? ಮುಂದಿನ ವಾರದಿಂದ ಅಣ್ಣ ಪ್ರತಿ ಗಾಳದ ಒಳಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡತೊಡಗಿದರು. ಹಾಗೆ ಮಾಡಿದರೆ ಮೀನಿಗೆ ನೋವು ಕಡಿಮೆ, ತಪ್ಪಿಸಿಕೊಳ್ಳುವುದೂ ಸುಲಭ. ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತಿದ್ದವು. "ಅವರು ಹೇಳಿದ್ದು ಸರಿ ಅಲ್ವಾ ಸರ್. ಪೂರ್ತಿ ಬಿಡ್ಲಿಕ್ಕೆ ನಂಗೆ ಆಗುದಿಲ್ಲ. ಇಷ್ಟಾದ್ರೂ ಮಾಡುವ," ಎಂದರು. ಯಾರ ಮಾತಿನಲ್ಲಾದರೂ ನ್ಯಾಯವಿದ್ದರೆ ಅದಕ್ಕೆ ತನ್ನದೇನನ್ನೋ ಬಿಟ್ಟುಕೊಡುವುದು ಅವರ ಸ್ವಭಾವ. ಈ ಸ್ವಭಾವವನ್ನು ಚೆನ್ನಾಗಿ ಬಳಸಿಕೊಂಡವನು ನಾನು.

ಗ್ಯಾಸ್ ಕೊಳ್ಳುವ ದೇಶಗಳ ಚಳಿಗಾಲ ಮುಗಿದು ಗ್ಯಾಸಿಗೆ ಬೇಡಿಕೆ ತಗ್ಗುವುದು ಏಪ್ರಿಲ್, ಮೇ ಹೊತ್ತಿಗೆ. ನಮ್ಮ ಶಟ್‌ಡೌನ್ ಆಗ. ಪ್ಲಾಂಟಿನ ಒಂದು ಭಾಗವನ್ನು ನಿಲ್ಲಿಸಿ, ಬಿಚ್ಚಿ, ಸರಿಮಾಡಿ ಮತ್ತೆ ಕೂಡಿಸುವ ಕೆಲಸ. ಅಣ್ಣ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ಕಂಟ್ರೋಲ್ ವಾಲ್ವುಗಳಲ್ಲಿ ಅವರ ಕೈಗೆ ಸಾಟಿಯಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಎಲ್ಲಿ ಸವೆದಿದೆ ಎಂದು ಹೇಳುವರು. ಆ ದಿನಗಳಲ್ಲಿ ಅವರ ವಿಭಾಗದಿಂದ ಒಬ್ಬರಿಗೆ ಮಾತ್ರ ರಜೆ ಕೊಡಬಹುದಿತ್ತು. ಒಬ್ಬರಿಗೆ ಕೊಡಬಹುದಿತ್ತು ಎನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ.

ಅವರು ಮೊದಲ ಬಾರಿ ಕೇಳಿದಾಗ, "ಆಗಸ್ಟಲ್ಲಿ ಹೋಗಬಹುದಲ್ಲ ಅಣ್ಣಾ, ಆಗ್ಲೂ ಹೊಳೆ ಅಲ್ಲೇ ಇರುತ್ತೆ," ಎಂದೆ.

"ಹೊಳೆ ಇರ್ತದೆ, ಹುಳ ಇರುದಿಲ್ಲ. ಮದುವೆ ಕಳೆದ ಮೇಲೆ ಚಪ್ಪರ ನೋಡ್ಲಿಕ್ಕೆ ಹೋದ ಹಾಗೆ ಆಗ್ತದೆ ಸರ್."

ಆ ವರ್ಷ ನಿಜಕ್ಕೂ ಜನ ಕಡಿಮೆಯಿದ್ದರು. ಮರುವರ್ಷ ಹಾಗಿರಲಿಲ್ಲ. ಏಪ್ರಿಲಿನವರೆಗೂ ಅವರ ಹೆಸರು ಪಟ್ಟಿಯಲ್ಲಿತ್ತು. ನನ್ನ ಮಾತು ನಂಬಿ ಅವರು ಮಸ್ಕತ್ತಿಗೆ ಎರಡು ಸಲ ಹೋಗಿ ಬ್ರಿಟನ್ನಿನ ವೀಸಾ ಮಾಡಿಸಿಕೊಂಡರು, ಅಲ್ಲಿಯ ಖುರುಮ್ ಬಡಾವಣೆಯ ಅಂಗಡಿಯೊಂದರಲ್ಲಿ ದಪ್ಪ ಉಣ್ಣೆಯ ಕಾಲುಚೀಲವನ್ನೂ ಕೊಂಡರು. ಅಷ್ಟರಲ್ಲಿ ಅವರ ವಿಭಾಗದ ಉತ್ತರ ಭಾರತದ ಹುಡುಗನೊಬ್ಬನಿಗೆ ಅದೇ ವಾರಗಳಲ್ಲಿ ರಜೆ ಬೇಕಾಯಿತು, ಅಕ್ಕನ ಮದುವೆಯಂತೆ. ಹುಡುಗ ತಡವಾಗಿ ಕೇಳಿದ್ದ, ಇಲ್ಲ ಎನ್ನಬಹುದಿತ್ತು. ಆದರೆ ಕ್ಯಾಂಟೀನಿನಲ್ಲಿ ನನ್ನ ಬೆನ್ನ ಹಿಂದಿನ ಮೇಜಿನಿಂದ ಒಂದು ಮಾತು ಕೇಳಿಬಂತು: "ಲಿಸ್ಟ್ ಬನಾನೇವಾಲಾ ಉನ್ಕಾ ಆದ್ಮಿ ಹೈ. ಅಪ್ನೀ ಭಾಷಾವಾಲೋಂ ಕೋ ಪೆಹಲೇ ದೇಗಾ."

ಪಟ್ಟಿ ಮಾಡುವವನು ತನ್ನ ಭಾಷೆಯವರಿಗೇ ಮೊದಲು ಕೊಡುತ್ತಾನೆ ಎನ್ನುವ ಈ ಮಾತಿನ ಉರಿ ಗಲ್ಫಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ. ಹತ್ತು ದೇಶದವರು ಕೂತು ಉಣ್ಣುವ ಜಾಗದಲ್ಲಿ 'ತಮ್ಮವರನ್ನು ನೋಡಿಕೊಳ್ಳುವವನು' ಎಂಬ ಹೆಸರು ಒಮ್ಮೆ ಬಂದರೆ ಮತ್ತೆ ತೊಳೆದರೂ ಹೋಗುವುದಿಲ್ಲ. ಅದಕ್ಕೆ ಹೆದರಿ ನಾವು ಕನ್ನಡದವರು ಮಾಡುವ ಕೆಲಸವೊಂದಿದೆ: ನ್ಯಾಯ ತೋರಿಸಲು ನಮ್ಮವರ ಕುತ್ತಿಗೆಯನ್ನೇ ಮೊದಲು ಹಿಡಿಯುತ್ತೇವೆ. ಅವರು ಬೇಸರ ಮಾಡಿಕೊಳ್ಳುವುದಿಲ್ಲ, ನಮ್ಮವರಲ್ಲವೇ ಎಂಬ ಧೈರ್ಯ. ಅಂದು ಮಧ್ಯಾಹ್ನ ನಾನು ಅಣ್ಣನ ಹೆಸರು ತೆಗೆದು ಹುಡುಗನ ಹೆಸರು ಹಾಕಿದೆ.

ಹೇಳಲು ಅವರ ವರ್ಕ್‌ಶಾಪಿಗೇ ಹೋದೆ. ವಾಲ್ವೊಂದನ್ನು ಬಿಚ್ಚಿ ಕೂತಿದ್ದರು. ಕಾರಣವನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಅವರು ಕೈ ಒರೆಸಿಕೊಂಡರು.

"ನಿಮ್ಗೆ ಯಾರಾದ್ರೂ ಹಾಗೆ ಹೇಳಿದ್ರೆ ನಂಗೆ ಬೇಜಾರಾಗ್ತದೆ ಸರ್. ಹುಡುಗನಿಗೇ ಕೊಡಿ. ಅಕ್ಕನ ಮದುವೆ ಮತ್ತೆ ಬರುದಿಲ್ಲ. ಹುಳ ವರ್ಷವೂ ಬರ್ತದೆ."

"ಮುಂದಿನ ವರ್ಷ ಗ್ಯಾರಂಟಿ ಅಣ್ಣಾ."

"ಆಯ್ತು ಆಯ್ತು. ಖಲಾಸ್. ಚಾ ಕುಡಿವ," ಎಂದರು. ಚಹಾ ಕುಡಿದೆವು. ನನಗೆ ಎಷ್ಟು ಹಗುರವಾಯಿತೆಂದರೆ ಇನ್ನೊಂದು ಕಪ್ಪು ಕೇಳಿದೆ. ಆ ಎರಡನೆಯ ಕಪ್ಪನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮುಂದಿನ ವರ್ಷ ರೋಗ ಬಂದು ಜಗತ್ತಿಗೇ ಬೀಗ ಬಿತ್ತು. ಅದರ ಮುಂದಿನ ವರ್ಷವೂ ಹಾಗೇ ಹೋಯಿತು. ಆಮೇಲೆ ಎರಡು ಶಟ್‌ಡೌನ್‌ಗಳು ಒಟ್ಟಿಗೆ ಬಂದವು, ಆಮೇಲೆ ಇನ್ನೇನೋ. ಒಂದು ವರ್ಷ ಅವರು ಕೇಳಲೇ ಇಲ್ಲ, ನಾನೂ ನೆನಪು ಮಾಡಲಿಲ್ಲ. ಕೇಳದವರಿಗೆ ಕೊಡದಿದ್ದರೆ ತಪ್ಪೇನು ಎಂದು ನನ್ನ ಲೆಕ್ಕ. ನಾನು ಕೆಟ್ಟವನೇನಲ್ಲ, ಹಬ್ಬಕ್ಕೆ ಅವರ ಮನೆಗೆ ಹೋಗುತ್ತಿದ್ದೆ, ಅತ್ತಿಗೆಗೆ ಆಪರೇಷನ್ ಆದಾಗ ಮೂರು ದಿನ ಆಸ್ಪತ್ರೆಗೆ ಓಡಾಡಿದ್ದೆ. ಅವರಿಗೆ ಬೇಕಾದದ್ದನ್ನು ಬಿಟ್ಟು ಬಾಕಿ ಎಲ್ಲ ಮಾಡಿದೆ.

ಆ ವರ್ಷಗಳಲ್ಲಿ ಅವರು ವಾದಿಗೆ ಹೋಗತೊಡಗಿದರು. ಸೂರಿನಿಂದ ಒಂದು ಗಂಟೆಯ ದಾರಿಯಲ್ಲಿ ಬೆಟ್ಟದ ಸಂದಿನಲ್ಲಿ ವರ್ಷವಿಡೀ ನೀರು ಹರಿಯುವ ಕಣಿವೆಯೊಂದಿದೆ, ಅಂಥದ್ದನ್ನು ಇಲ್ಲಿ ವಾದಿ ಎನ್ನುತ್ತಾರೆ. ಶುಕ್ರವಾರ ಅಲ್ಲಿ ಜಾತ್ರೆಯಷ್ಟು ಜನ. ಒಂದು ಕಡೆ ಮಾಂಸ ಸುಡುವವರು, ಇನ್ನೊಂದು ಕಡೆ ನೀರಿಗೆ ಧುಮುಕುವ ಮಕ್ಕಳು. ನಾವೂ ಎರಡು ಕುಟುಂಬ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ಎಲ್ಲರಿಂದ ದೂರ, ನೀರು ಕಲ್ಲುಗಳ ನಡುವೆ ಜುಳುಜುಳು ಇಳಿಯುವ ಕಡೆ ಅಣ್ಣ ಕೋಲು ಹಿಡಿದು ನಿಂತಿದ್ದರು. ಆ ನೀರಿನಲ್ಲಿ ಇರುವುದು ಕಾಲಿನ ಚರ್ಮ ಕಚ್ಚಿ ಕಚಗುಳಿಯಿಡುವ ಬೆರಳುದ್ದದ ಮೀನು ಮಾತ್ರ. ಹತ್ತಿರ ಹೋಗಿ ನೋಡಿದೆ. ದಾರದ ತುದಿಯಲ್ಲಿ ಹುಳ ಇತ್ತು, ಗಾಳ ಇರಲಿಲ್ಲ. ಕೊಕ್ಕೆಯನ್ನು ಕತ್ತರಿಸಿ ತೆಗೆದಿದ್ದರು.

"ಇದೇನಣ್ಣಾ?"

"ಪ್ರಾಕ್ಟೀಸ್. ಸಮುದ್ರಕ್ಕೆ ಎಸೆಯುದು ಬೇರೆ ಸರ್, ಹೊಳೆಗೆ ಎಸೆಯುದು ಬೇರೆ. ಹೊಳೆಯಲ್ಲಿ ಹುಳ ತನ್ನಷ್ಟಕ್ಕೆ ತೇಲಿ ಬರ್ಬೇಕು. ನಾವು ಹಿಡ್ಕೊಂಡಿದ್ದೇವೆ ಅಂತ ಮೀನಿಗೆ ಗೊತ್ತಾಗ್ಬಾರ್ದು. ಅಲ್ಲಿ ಹೋಗಿ ಮರ್ಯಾದೆ ತೆಗೀಬಾರ್ದಲ್ಲ."

ಹುಳವನ್ನು ಹರಿವಿನ ಮೇಲ್ಗಡೆಗೆ ಎಸೆದರು. ಅದು ತೇಲಿ ಬಂತು. ಎತ್ತಿ ಮತ್ತೆ ಎಸೆದರು. ಬಿಸಿಲಿಗೆ ಕಾದ ಬಂಡೆಯ ಮೇಲೆ ಕೂತು ನಾನು ಎಷ್ಟೋ ಹೊತ್ತು ನೋಡಿದೆ. ಐವತ್ತೇಳು ವರ್ಷದ ಮನುಷ್ಯ, ತಾನು ಕಾಣದ ಹೊಳೆಗೋಸ್ಕರ, ಒಮಾನಿನ ಕಲ್ಲುಬೆಟ್ಟದ ನಡುವೆ ಪಾಠ ಒಪ್ಪಿಸುತ್ತಿದ್ದರು. ನನಗೆ ಪಾಪ ಎನಿಸಿತು. ಅದರಿಂದ ಅವರಿಗೇನೂ ಪ್ರಯೋಜನವಾಗಲಿಲ್ಲ.

ಈ ವರ್ಷ ಅವರಿಗೆ ಅರವತ್ತು, ಡಿಸೆಂಬರಿಗೆ ನಿವೃತ್ತಿ. ಒಮಾನಿನ ವೀಸಾ ರದ್ದಾದರೆ ಊರಿಗೆ ಹೊರಟುಬಿಡುತ್ತಾರೆ, ಆಮೇಲೆ ಮಲ್ಪೆಯಿಂದ ಸ್ಕಾಟ್ಲೆಂಡಿಗೆ ಹೋಗುವುದು ಕನಸಿನ ಮಾತು. ಜನವರಿಯ ಮೊದಲ ದಿನವೇ ಯಾರನ್ನೂ ಕೇಳದೆ ರಜೆಪಟ್ಟಿಯ ಮೊದಲ ಸಾಲಿನಲ್ಲಿ ಅವರ ಹೆಸರು ಹಾಕಿದೆ. ಮ್ಯಾನೇಜರ್ ಸಹಿಯನ್ನೂ ತೆಗೆದುಕೊಂಡು, ಪ್ರಿಂಟ್ ಹಿಡಿದು ವರ್ಕ್‌ಶಾಪಿಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿ ಮತ್ತೆ ಓದಿದರು.

"ಇದ್ರಿಂದ ನಿಮ್ಗೆ ಎಂತ ತೊಂದ್ರೆ ಆಗುದಿಲ್ಲ ಅಲ್ವಾ ಸರ್?" ಎಂದು ಕೇಳಿದರು.

ಫೆಬ್ರುವರಿ ಮೂರನೆಯ ವಾರ, ಬೆಳಿಗ್ಗೆ ಪ್ಲಾಂಟಿನ ಬಸ್ಸಿಗೆ ಕಾಯುತ್ತಿದ್ದಾಗ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕಾಗದಪತ್ರದ ಓಡಾಟ ನಾನೇ ಮಾಡಿದೆ. ಪಾಸ್‌ಪೋರ್ಟ್ ರದ್ದು ಮಾಡಿಸುವಾಗ ಪುಟ ತಿರುಗಿಸಿದರೆ, ಉಪಯೋಗಿಸದೆ ಅವಧಿ ಮುಗಿದ ಬ್ರಿಟನ್ನಿನ ಆ ವೀಸಾ ಅಲ್ಲೇ ಇತ್ತು. ಅವರನ್ನು ಮಂಗಳೂರಿನ ವಿಮಾನಕ್ಕೆ ಹತ್ತಿಸಿದೆವು. ಮಕ್ಕಳಿಲ್ಲ, ಅತ್ತಿಗೆ ಒಬ್ಬರೇ ಜೊತೆಗೆ ಹೋದರು. ಹೊರಡುವ ಮುನ್ನ ನನ್ನ ಕೈ ಹಿಡಿದುಕೊಂಡು, "ಆ ಸ್ಕಾಟ್ಲೆಂಡಿನವ್ರಿಗೆ ಯಾರೂ ಹೇಳ್ಲಿಲ್ಲ. ಅಂಥದ್ದೆಲ್ಲ ಇಂಗ್ಲಿಷಲ್ಲಿ ಬರೀಲಿಕ್ಕೆ ನಂಗೆ ಬರುದಿಲ್ಲ. ನೀವು ಬರೀತೀರಾ?" ಎಂದರು.

ಬರೆದೆ. ನಾಲ್ಕೇ ಸಾಲು. ಹದಿನೈದು ದಿನ ಬಿಟ್ಟು ಉತ್ತರ ಬಂತು, ಉದ್ದನೆಯ ಪತ್ರ. ಎಂಬತ್ತು ದಾಟಿದ ಮನುಷ್ಯ, ಒಂದು ಬೆರಳಿನಿಂದ ಟೈಪು ಮಾಡಿದ್ದಂತೆ. ಅಣ್ಣನ ಕೈಚಳಕದ ಬಗ್ಗೆ ಬರೆದಿದ್ದ, ಅತ್ತಿಗೆಯ ಮೀನುಸಾರಿನ ಬಗ್ಗೆ ಬರೆದಿದ್ದ. ಆಮೇಲೆ ಹೀಗಿತ್ತು: 'ಅವನು ಪ್ರತಿ ವರ್ಷ ಬರುತ್ತೇನೆ ಎನ್ನುತ್ತಿದ್ದ, ಕೊನೆ ಗಳಿಗೆಯಲ್ಲಿ ತಾನೇ ಬೇಡ ಎನ್ನುತ್ತಿದ್ದ. ಕಂಪನಿ ರಜೆ ಕೊಡಲಿಲ್ಲವೇ ಎಂದು ಒಮ್ಮೆ ನೇರವಾಗಿ ಕೇಳಿದೆ. ಛೆ, ರಜೆ ಕೊಡುವವನು ನನ್ನ ತಮ್ಮನ ಹಾಗೆ, ಕೇಳಿದರೆ ಯಾವಾಗಲೂ ಕೊಡುತ್ತಾನೆ, ನನಗೇ ಸೂರಿನ ಸಮುದ್ರ ಬಿಟ್ಟು ಬರಲು ಮನಸ್ಸಾಗುವುದಿಲ್ಲ ಎಂದ. ನನಗೆ ಸಿಟ್ಟು ಬಂತು. ಬರುವ ಮನಸ್ಸಿಲ್ಲದಿದ್ದರೆ ಸುಮ್ಮನೆ ಆಸೆ ತೋರಿಸಬೇಡ ಎಂದು ಬರೆದು, ಒಂದು ವರ್ಷ ಅವನ ಜೊತೆ ಮಾತು ಬಿಟ್ಟೆ. ಆ ವರ್ಷ ವಿಡಿಯೊ ಕೂಡ ಕಳಿಸಲಿಲ್ಲ. ಈಗ ಅದೊಂದೇ ಸಂಕಟ.'

ಅಣ್ಣ ರಜೆ ಕೇಳದೆ ಸುಮ್ಮನಿದ್ದರಲ್ಲ, ಅದೇ ವರ್ಷ ಅದು. ಆ ಮೇ ತಿಂಗಳಿಡೀ ಕ್ಯಾಂಟೀನಿನಲ್ಲಿ ನನ್ನ ಎದುರು ಕೂತೇ ಉಂಡಿದ್ದರು. ಹೊಳೆಯ ವಿಡಿಯೊ ತೋರಿಸಲಿಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ.

ಇವತ್ತು ಮೇ ಇಪ್ಪತ್ತು. ಅಣ್ಣನ ರಜೆ ಶುರುವಾಗಬೇಕಿದ್ದ ದಿನ. ಆ ಮುದುಕನಿಗೆ ಉತ್ತರ ಬರೆಯಲು ಮೂರು ಸಲ ಕೂತೆ. ನಿಮ್ಮ ಸಂಕಟಕ್ಕೆ ಕಾರಣವಿಲ್ಲ, ಅವರಿಗೆ ಬರುವ ಮನಸ್ಸು ಬೇಕಾದಷ್ಟಿತ್ತು ಎನ್ನುವವರೆಗೆ ಬರೆಯುತ್ತೇನೆ. ಅದರ ಮುಂದಿನ ವಾಕ್ಯ ಬರೆದರೆ ಅಣ್ಣ ಇಷ್ಟು ವರ್ಷ ಹೇಳಿದ್ದು ಸುಳ್ಳಾಗುತ್ತದೆ. ಬರೆಯದಿದ್ದರೆ ಎಂಬತ್ತು ದಾಟಿದ ಜೀವವೊಂದು ತನ್ನದಲ್ಲದ ತಪ್ಪನ್ನು ಹೊತ್ತುಕೊಂಡೇ ಹೋಗುತ್ತದೆ. ಇಂಗ್ಲಿಷಿನಲ್ಲಿ ನನ್ನ ಕೈ ಅಲ್ಲಿಗೆ ನಿಲ್ಲುತ್ತದೆ. ಕೈ ಪಳಗಲಿ ಎಂದು ಮೊದಲು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ: ಅವರು ಕೇಳಿದ್ದರು. ನಾನು ಕೊಡಲಿಲ್ಲ.